ಹಣಕ್ಕೆ ಬೀಗ ಬಿತ್ತು, ಬಿಡುವಿಗೆ ಬೀಳಲಿಲ್ಲ

ಅಂತರಜಾಲದಲ್ಲಿ ಸಾಮಾನು ಕೊಳ್ಳುವವರಿಗೆ ಇಂದು ತಕ್ಕಮಟ್ಟಿನ ರಕ್ಷಣೆ ಇದೆ. ಕಾರ್ಡ್ ಸಂಖ್ಯೆ ಗೂಢಲಿಪಿಯಲ್ಲಿ ಸಾಗುತ್ತದೆ, ಕೆಟ್ಟ ಮಾಲು ಬಂದರೆ ವಾಪಸು ಕಳಿಸಲು ದಾರಿ ಇದೆ. ಅದೇ ಜಾಲದ ಮೂಲಕ ನಡುರಾತ್ರಿ ಬಂದು ಬೀಳುವ ಕಚೇರಿಯ ಸಂದೇಶದಿಂದ ನೌಕರರನ್ನು ಕಾಪಾಡುವ ನಿಯಮ ಮಾತ್ರ ಈಚಿನವರೆಗೂ ಇರಲಿಲ್ಲ. ಹೀಗೇಕಾಯಿತು?

ಮೊದಲು ಬಂದದ್ದು ಸಂದೇಶ, ಅಂಗಡಿ ಬಂದದ್ದು ಆಮೇಲೆ. 1971ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಅಕ್ಕಪಕ್ಕದಲ್ಲೇ ಇದ್ದ ಎರಡು ಕಂಪ್ಯೂಟರುಗಳ ನಡುವೆ, ಇಂದಿನ ಅಂತರಜಾಲದ ಪೂರ್ವಜವಾದ ಅರ್ಪಾನೆಟ್ ಜಾಲದ ಮೂಲಕ ಇ-ಮೇಲ್ ಕಳಿಸಿದರು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಆ್ಯಟ್ ಚಿಹ್ನೆ ಇಟ್ಟವರೂ ಅವರೇ. ಫೋನಿನಲ್ಲಿ ಮಾತನಾಡಬೇಕಾದರೆ ಇಬ್ಬರೂ ಒಂದೇ ಹೊತ್ತಿಗೆ ಸಿಗಬೇಕು. ಇ-ಮೇಲ್‌ಗೆ ಆ ಕಟ್ಟು ಇರಲಿಲ್ಲ. ಬಿಡುವಾದಾಗ ಓದಿ, ಯೋಚಿಸಿ ಉತ್ತರ ಬರೆಯಬಹುದಿತ್ತು. ಕೆಲಸ ಮಾಡುವವರಿಗೆ ಸಿಕ್ಕ ಅತ್ಯಂತ ಘನತೆಯ ಸಾಧನ ಅದು ಎಂದೇ ನಾನು ನಂಬುತ್ತೇನೆ. ಕಳಿಸುವವರಿಗೆ ಖರ್ಚೇ ಇಲ್ಲದಿದ್ದುದು ಅದರ ಒಂದೇ ದೋಷ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಮಾರಾಟ ಅಧಿಕಾರಿ ತಮ್ಮ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಟ್ಟಿಗೆ ಕಳಿಸಿದರು. ಪಡೆದವರು ಸಿಟ್ಟಾದರು. ಆದರೆ ಆ ದೋಷಕ್ಕೆ ಮದ್ದು ಹುಡುಕುವ ಅವಸರ ಯಾರಿಗೂ ಇರಲಿಲ್ಲ.

ಕೊಳ್ಳುವಿಕೆಯ ಕಥೆ ಬೇರೆ. 1979ರಲ್ಲಿ ಇಂಗ್ಲೆಂಡಿನ ಮೈಕೆಲ್ ಆಲ್ಡ್ರಿಚ್ ಟಿವಿಯನ್ನು ದೂರವಾಣಿ ತಂತಿಯ ಮೂಲಕ ವಹಿವಾಟಿನ ಕಂಪ್ಯೂಟರಿಗೆ ಜೋಡಿಸಿ ತೋರಿಸಿದರು. 1984ರಲ್ಲಿ ಗೇಟ್ಸ್‌ಹೆಡ್‌ನ 72 ವರ್ಷದ ಜೇನ್ ಸ್ನೋಬಾಲ್ ಟಿವಿಯ ರಿಮೋಟ್ ಒತ್ತಿ ಮಾರ್ಗರಿನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ ತರಿಸಿಕೊಂಡರು. ಬೇಕಾದ ಸಾಮಾನಿನ ಪಟ್ಟಿ ಕಳಿಸುವುದೇನೋ ಸುಲಭವಾಯಿತು. ಹಣ ಕಳಿಸುವುದಕ್ಕೆ ನಂಬಿಕೆ ಬೇಕಿತ್ತು. 1994ರ ಆಗಸ್ಟ್‌ನಲ್ಲಿ ನೆಟ್‌ಮಾರ್ಕೆಟ್ ಎಂಬ ಪುಟ್ಟ ಕಂಪನಿ ಸಂಗೀತದ ಒಂದು ಸಿ.ಡಿ. ಮಾರಿ, ಕಾರ್ಡ್ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಪಡೆದುಕೊಂಡಿತು. ಬೆಲೆ 12.48 ಡಾಲರ್. ಬೇಗನೆ ನೆಟ್‌ಸ್ಕೇಪ್ ಕಂಪನಿಯ ಬ್ರೌಸರಿನೊಳಗೇ ಅಂಥ ಬೀಗ ಬಂತು. ಅಮೆಜಾನ್, ಇಬೇ ಎರಡೂ ಬಾಗಿಲು ತೆರೆದದ್ದು 1995ರಲ್ಲಿ.

ಈ ಹಂತದ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಜಾಲತಾಣದ ಸರ್ವರಿಗೆ ನೆನಪಿನ ಶಕ್ತಿ ಇಲ್ಲ. ನೀವು ಒಂದು ಪುಟದಲ್ಲಿ ಅಂಗಿ ಆರಿಸಿ ಮುಂದಿನ ಪುಟಕ್ಕೆ ಹೋದರೆ, ಅದರ ಪಾಲಿಗೆ ನೀವು ಹೊಸಬರೇ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಇದಕ್ಕೊಂದು ಉಪಾಯ ಹೂಡಿದರು. ಸರ್ವರ್ ಒಂದು ಸಣ್ಣ ಗುರುತನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಬ್ರೌಸರ್ ಪ್ರತಿ ಸಲವೂ ಅದನ್ನು ತೋರಿಸುತ್ತದೆ. ಅದೇ ಕುಕೀ. ಬುಟ್ಟಿಗೆ ಹಾಕಿದ ಸಾಮಾನು ಬುಟ್ಟಿಯಲ್ಲೇ ಉಳಿಯಲಿ ಎಂಬ ಅಗತ್ಯಕ್ಕೆ ಹುಟ್ಟಿದ ಈ ಗುರುತನ್ನು ಕೆಲವೇ ವರ್ಷಗಳಲ್ಲಿ ಜಾಹೀರಾತು ಕಂಪನಿಗಳು ಜನರ ಹೆಜ್ಜೆಹೆಜ್ಜೆಯ ಬೆನ್ನು ಹತ್ತಲು ಬಳಸಿದವು. ನೀವು ಒಮ್ಮೆ ನೋಡಿ ಬಿಟ್ಟ ಚಪ್ಪಲಿ ವಾರಗಟ್ಟಲೆ ಬೇರೆ ಬೇರೆ ತಾಣಗಳಲ್ಲಿ ಎದುರಾಗುವುದು ಇದರಿಂದಲೇ. ಹಣ ಕಳೆದುಹೋಗುವಲ್ಲಿ ಬೀಗ ಬೇಗ ಬಿತ್ತು. ಗ್ರಾಹಕರ ಗಮನ, ಖಾಸಗಿತನ ಸೋರಿಹೋಗುವಲ್ಲಿ ಬೀಳಲಿಲ್ಲ, ಏಕೆಂದರೆ ಆ ನಷ್ಟಕ್ಕೆ ಯಾರ ಲೆಕ್ಕದ ಪುಸ್ತಕದಲ್ಲೂ ಜಾಗವಿಲ್ಲ.

ಕಚೇರಿಯಲ್ಲಿ ಆದದ್ದೂ ಇದೇ. 1999ರಲ್ಲಿ ಬ್ಲ್ಯಾಕ್‌ಬೆರಿ ಎಂಬ ಕೈಸಾಧನ ಬಂದು ಇ-ಮೇಲ್ ಜೇಬಿಗೆ ಇಳಿಯಿತು. ಸೋತುಹೋದ ಆನ್‌ಲೈನ್ ಆಟವೊಂದನ್ನು ಕಟ್ಟುತ್ತಿದ್ದ ತಂಡ ತನ್ನ ಒಳಬಳಕೆಗೆಂದು ಮಾಡಿಕೊಂಡಿದ್ದ ಹರಟೆಯ ಸಾಧನವನ್ನು 2013ರಲ್ಲಿ ಸ್ಲ್ಯಾಕ್ ಎಂಬ ಹೆಸರಿನಲ್ಲಿ ಹೊರತಂದಿತು. 2020ರ ಸಾಂಕ್ರಾಮಿಕದ ಹೊತ್ತಿಗೆ ಮನೆಯ ಊಟದ ಮೇಜೇ ಸಭಾಂಗಣವಾಯಿತು. ಇಂಥ ಸಾಧನಗಳಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕಿ ನೀವು ಇದ್ದೀರಿ ಎಂದು ಎಲ್ಲರಿಗೂ ಸಾರುತ್ತದೆ. ಇದ್ದೂ ಉತ್ತರಿಸದಿದ್ದರೆ ಅದು ಅಸಡ್ಡೆಯಂತೆ ಕಾಣುತ್ತದೆ. ಬಿಡುವಾದಾಗ ಉತ್ತರಿಸುವ ಸ್ವಾತಂತ್ರ್ಯ, ಅಂದರೆ ಟಾಮ್ಲಿನ್‌ಸನ್ ಕೊಟ್ಟ ನಿಜವಾದ ಉಡುಗೊರೆ, ಹೀಗೆ ಕೈಬಿಟ್ಟುಹೋಯಿತು. ನನಗೆ ಹೆಚ್ಚು ನೋವು ತರುವುದು ಇದೇ.

ಕಾನೂನು ತಡವಾಗಿ ಕಣ್ಣು ತೆರೆಯಿತು. 2017ರ ಜನವರಿಯಿಂದ ಫ್ರಾನ್ಸ್‌ನಲ್ಲಿ ಕನಿಷ್ಠ 50 ನೌಕರರಿರುವ ಕಂಪನಿಗಳು ಕೆಲಸದ ಹೊತ್ತಿನ ಆಚೆಗಿನ ಸಂದೇಶಗಳ ಬಗ್ಗೆ ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಬೇಕಾಯಿತು. ಆಸ್ಟ್ರೇಲಿಯ 2024ರ ಆಗಸ್ಟ್‌ನಲ್ಲಿ, ನಿರಾಕರಣೆ ಅಸಮಂಜಸವೆನಿಸುವ ಸಂದರ್ಭ ಬಿಟ್ಟರೆ, ಅಂಥ ಸಂದೇಶವನ್ನು ಓದದಿರುವ, ಉತ್ತರಿಸದಿರುವ ಹಕ್ಕು ಕೊಟ್ಟಿತು. ಪೋರ್ಚುಗಲ್ 2021ರಲ್ಲೇ ಇನ್ನೊಂದು ದಾರಿ ಹಿಡಿದಿತ್ತು: ತುರ್ತು ಪರಿಸ್ಥಿತಿ ಬಿಟ್ಟರೆ, ವಿರಾಮದ ಹೊತ್ತಿನಲ್ಲಿ ನೌಕರರನ್ನು ಮಾಲೀಕರು ಸಂಪರ್ಕಿಸಲೇಬಾರದು. ನನ್ನ ಮಟ್ಟಿಗೆ ಸರಿಯಾದ ದಾರಿ ಅದೇ. ಸಂದೇಶ ನಿರ್ಲಕ್ಷಿಸುವ ಹಕ್ಕನ್ನು ಬಳಸಲು ನೌಕರರಿಗೆ ಧೈರ್ಯ ಬೇಕು. ಕಳಿಸಬಾರದೆಂಬ ಕಟ್ಟಳೆ ಹೊಣೆಯನ್ನು ಕಳಿಸುವವರ ಮೇಲೆಯೇ ಹೊರಿಸುತ್ತದೆ.