ಹುಲ್ಲಿನ ಬೆಂಕಿಗೆ ಗಂಧಕ ಬೆರೆಸುವುದೇಕೆ?

ಮರದ ಚೂರು, ಒಣಹುಲ್ಲಿನಂಥ ಬಯೋಮಾಸ್ ಸುಡುವ ಕೆಲವು ಬಾಯ್ಲರ್‌ಗಳಲ್ಲಿ ಬೇಕಂತಲೇ ಗಂಧಕವನ್ನೋ ಗಂಧಕದ ಲವಣವನ್ನೋ ಸೇರಿಸುತ್ತಾರೆ. ವಿಚಿತ್ರ, ಅಲ್ವಾ? ಹೊಗೆಯಿಂದ ಗಂಧಕ ತೆಗೆಯಲು ಅಷ್ಟು ವರ್ಷ ಒದ್ದಾಡಿದವರು ಅದನ್ನೇ ಮತ್ತೆ ಬೆಂಕಿಗೆ ಹಾಕುವುದು ಯಾಕೆ?

ಗಂಧಕಕ್ಕೆ ಬಂದ ಕೆಟ್ಟ ಹೆಸರು ಹಳೆಯದು. ಕಲ್ಲಿದ್ದಲಲ್ಲಿ ಒಂದಷ್ಟು ಗಂಧಕ ಕಬ್ಬಿಣದ ಜೊತೆ ಸೇರಿ, ಚಿನ್ನದಂತೆ ಹೊಳೆಯುವ ಪೈರೈಟ್ ಆಗಿರುತ್ತದೆ. ಅದನ್ನು ತೊಳೆದು ಸ್ವಲ್ಪ ತೆಗೆಯಬಹುದು. ಇನ್ನೊಂದಷ್ಟು ಇಂಗಾಲದ ಜೊತೆಗೇ ಹೆಣೆದುಕೊಂಡಿರುತ್ತದೆ. ಅದು ತೊಳೆದರೆ ಹೋಗುವುದಲ್ಲ. ಸುಟ್ಟಾಗ ಬಹುಪಾಲು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ. ಬ್ರಿಟನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲೇ 'ಆಮ್ಲ ಮಳೆ' ಎಂಬ ಮಾತು ಬಳಸಿದ್ದರು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. 1956ರಲ್ಲಿ ಹೊಗೆ ತಡೆಯುವ ಕಾನೂನು ಬಂತು. ಚಿಮಣಿಗಳನ್ನು ಎತ್ತರ ಮಾಡಿದ್ದರಿಂದ ಊರಿನ ಗಾಳಿ ಹಗುರಾಯಿತು, ಆದರೆ ಆಮ್ಲ ದೂರದ ಸ್ಕಾಂಡಿನೇವಿಯಾದ ಕೆರೆಗಳಲ್ಲಿ ಬಿತ್ತು. ಕೊನೆಗೆ ಸುಣ್ಣದಕಲ್ಲಿನ ಪುಡಿ ಕಲಸಿದ ನೀರಿನಿಂದ ಹೊಗೆ ತೊಳೆಯುವುದು ಹಲವು ದೇಶಗಳಲ್ಲಿ ರೂಢಿಯಾಯಿತು. ಹಾಗೆ ತೊಳೆದಾಗ ಸಿಗುವ ಜಿಪ್ಸಮ್ ಗೋಡೆಯ ಹಲಗೆಗೆ ಹೋಗುತ್ತದೆ.

ಇಷ್ಟು ದಿನ ಕ್ಲೋರಿನ್ ಸುದ್ದಿ ಅಷ್ಟಾಗಿ ಇರಲಿಲ್ಲ. ಇಂಗ್ಲೆಂಡಿನ ಕೆಲವು ಗಣಿಗಳ ಉಪ್ಪಿನಂಶ ಜಾಸ್ತಿಯಿದ್ದ ಕಲ್ಲಿದ್ದಲು ಬಾಯ್ಲರ್ ಕೊಳವೆಗಳನ್ನು ತಿಂದದ್ದುಂಟು. ಆದರೆ ಅದು ಎಂಜಿನಿಯರುಗಳ ನಡುವಿನ ಮಾತಾಗಿಯೇ ಉಳಿಯಿತು.

ವಿಷಯ ಬಿಸಿಯಾದದ್ದು ಡೆನ್ಮಾರ್ಕಿನಲ್ಲಿ. 1993ರ ರಾಜಕೀಯ ಒಪ್ಪಂದದ ಪ್ರಕಾರ ಅಲ್ಲಿನ ವಿದ್ಯುತ್ ಕಂಪನಿಗಳು ವರ್ಷಕ್ಕೆ 12 ಲಕ್ಷ ಟನ್ ಒಣಹುಲ್ಲು ಸುಡಬೇಕಾಯಿತು. ಹುಲ್ಲಿನಲ್ಲಿ ಗಂಧಕ ಕಮ್ಮಿ, ಹಾಗಾಗಿ ಶುದ್ಧ ಇಂಧನ ಅನ್ನುವ ಭಾವನೆ. ಆದರೆ ಗಿಡ ಮಣ್ಣಿನಿಂದ ಪೊಟ್ಯಾಸಿಯಂ ಹೀರುತ್ತದೆ, ಜೊತೆಗೆ ಕ್ಲೋರಿನ್ನನ್ನೂ. ಮರದಲ್ಲಿ ಕ್ಲೋರಿನ್ ಸಾಮಾನ್ಯವಾಗಿ ಶೇ 0.05ಕ್ಕಿಂತ ಕಡಿಮೆ. ಹುಲ್ಲಿನಲ್ಲಿ ಅದು ಶೇ 0.2ರಿಂದ 1ರವರೆಗೂ ಹೋಗುತ್ತದೆ.

ಬೆಂಕಿಯಲ್ಲಿ ಇವೆರಡೂ ಜೋಡಿಯಾಗಿ ಪೊಟ್ಯಾಸಿಯಂ ಕ್ಲೋರೈಡ್ ಆವಿಯಾಗಿ ಏಳುತ್ತವೆ. ಸೂಪರ್‌ಹೀಟರ್ (ಹಬೆಯನ್ನು ಇನ್ನಷ್ಟು ಕಾಯಿಸುವ) ಕೊಳವೆ ಹೊಗೆಗಿಂತ ತಣ್ಣಗಿರುತ್ತದಲ್ಲ, ಆವಿ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಆ ಉಪ್ಪು ತಾನಾಗಿ ಕರಗುವುದು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಬ್ಬಿಣದ ಕ್ಲೋರೈಡ್ ಜೊತೆ ಬೆರೆತರೆ 350–400 ಡಿಗ್ರಿಯಲ್ಲೇ ಕರಗೀತು. ಅಂಟಿದ ಪದರದ ಅಡಿಯಲ್ಲಿ ಕ್ಲೋರಿನ್ ಕಬ್ಬಿಣವನ್ನು ಹಿಡಿದು ಕ್ಲೋರೈಡ್ ಮಾಡುತ್ತದೆ. ಅದು ಆವಿಯಾಗಿ ಹೊರಗೆ ಬಂದು ಆಮ್ಲಜನಕ ಸಿಕ್ಕ ಕಡೆ ಕಿಟ್ಟವಾಗುತ್ತದೆ. ಬಿಡುಗಡೆಯಾದ ಕ್ಲೋರಿನ್ ಮತ್ತೆ ಒಳಕ್ಕೆ. ಒಬ್ಬನೇ ಕಳ್ಳ ಅದೇ ಮನೆಗೆ ಮತ್ತೆ ಮತ್ತೆ ಕನ್ನ ಹಾಕಿದ ಹಾಗೆ! ಇದೇ ಕಾರಣಕ್ಕೆ ಮೊದಮೊದಲ ಹುಲ್ಲು ಬಾಯ್ಲರ್‌ಗಳಲ್ಲಿ ಹಬೆಯ ಬಿಸಿಯನ್ನು 450 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಿಸಿದರು. ಹಬೆ ತಣ್ಣಗಾದಷ್ಟೂ ವಿದ್ಯುತ್ ಕಡಿಮೆ.

ಒಂದು ಉಪಾಯ ಆಕಾಶದಿಂದಲೇ ಬಂತು. ಕೊಯ್ದ ಹುಲ್ಲನ್ನು ಹೊಲದಲ್ಲೇ ಬಿಟ್ಟು ಮಳೆ ಬಿದ್ದರೆ ಪೊಟ್ಯಾಸಿಯಂ, ಕ್ಲೋರಿನ್ ಎರಡೂ ಬಹಳಷ್ಟು ತೊಳೆದುಹೋಗುತ್ತವೆ. ಹಳದಿ ಹುಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ. ನೋಡೋಕೆ ಚೆನ್ನಾಗಿಲ್ಲ, ಬಾಯ್ಲರಿಗೆ ಮಾತ್ರ ಅದೇ ಇಷ್ಟ.

ಇನ್ನೊಂದು ದಾರಿ ಡೆನ್ಮಾರ್ಕಿನದೇ ಸ್ಟಡ್‌ಸ್ಟ್ರುಪ್ ಸ್ಥಾವರದಲ್ಲಿ ಕಂಡಿತು. 1996ರಿಂದ ಅಲ್ಲಿ ಕಲ್ಲಿದ್ದಲಿಗೆ ಹುಲ್ಲು ಬೆರೆಸಿ ಸುಟ್ಟು ನೋಡಿದರು. ಒಟ್ಟು ಶಕ್ತಿಯ ಶೇ 20ರಷ್ಟು ಹುಲ್ಲಿನಿಂದ ಬಂದರೂ ಕೊಳವೆಗಳು ಹೆದರಿದಷ್ಟು ಹಾಳಾಗಲಿಲ್ಲ. ಕಲ್ಲಿದ್ದಲ ಬೂದಿಯ ಜೇಡಿ ಒಂದಷ್ಟು ಪೊಟ್ಯಾಸಿಯಂ ಹಿಡಿದುಕೊಂಡಿತು. ಉಳಿದದ್ದಕ್ಕೆ ಗಂಧಕವಿತ್ತು. ಸಲ್ಫರ್ ಡೈಆಕ್ಸೈಡ್ ಆ ಉಪ್ಪಿನ ಮೇಲೆ ಬಿದ್ದರೆ ಪೊಟ್ಯಾಸಿಯಂ ಸಲ್ಫೇಟ್ ಆಗುತ್ತದೆ. ಅದು ಕರಗಲು 1069 ಡಿಗ್ರಿ ಬೇಕು. ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊಗೆಯ ಜೊತೆ ಹೊರಟುಹೋಗುತ್ತದೆ, ಕೊನೆಗೆ ತೊಳೆದು ತೆಗೆಯಬಹುದು. ಕ್ಲೋರಿನ್ನಿನ ಒಂದು ಪರಮಾಣುವಿಗೆ ಗಂಧಕದ ನಾಲ್ಕಾದರೂ ಇದ್ದರೆ ಅಪಾಯ ಕಮ್ಮಿ ಎಂಬುದು ಆಮೇಲೆ ಬಳಕೆಗೆ ಬಂದ ಒಂದು ಅಂದಾಜು. ಬರೀ ಬಯೋಮಾಸ್ ಸುಡುವಲ್ಲಿ ಅಷ್ಟು ಗಂಧಕ ಎಲ್ಲಿಂದ ಬರಬೇಕು? ಹಾಗಾಗಿ ಸ್ವೀಡನ್ನಿನಲ್ಲಿ ಅಮೋನಿಯಂ ಸಲ್ಫೇಟ್ ದ್ರಾವಣ ಚಿಮುಕಿಸುವ ವಿಧಾನ ಹುಟ್ಟಿತು.

ಗ್ಯಾಸಿಫಿಕೇಶನ್‌ನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಇಂಧನವನ್ನು ಪೂರ್ತಿ ಸುಡದೆ ಅನಿಲ ಮಾಡುತ್ತಾರೆ, ಹಾಗಾಗಿ ಆಮ್ಲಜನಕ ಕೊರತೆ. ಗಂಧಕ ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಅದು ಕ್ಲೋರಿನ್ನನ್ನು ಓಡಿಸುವುದಿಲ್ಲ. ಬದಲಿಗೆ ನಿಕ್ಕೆಲ್ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಕೆಡಿಸುತ್ತದೆ. ದೀಪಕ್ಕೆ ಕಲ್ಲಿದ್ದಲ ಗ್ಯಾಸ್ ಉರಿಸುತ್ತಿದ್ದ 19ನೇ ಶತಮಾನದಲ್ಲಿ ಈ ಹೈಡ್ರೋಜನ್ ಸಲ್ಫೈಡನ್ನು ಸುಣ್ಣಕ್ಕೆ ಹೀರಿಸುತ್ತಿದ್ದರು. ಹಾಗೆ ಬಳಸಿದ ಸುಣ್ಣದ ದುರ್ವಾಸನೆ ಎಷ್ಟಿತ್ತೆಂದರೆ, ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡೇ ಬದುಕಬೇಕಿತ್ತು. ಮುಂದೆ ಕಬ್ಬಿಣದ ಆಕ್ಸೈಡ್ ಬಂತು, ಈಗ ಸತುವಿನ ಆಕ್ಸೈಡ್ ಕೂಡ ಇದೆ. ಅಲ್ಲೂ ಕ್ಲೋರಿನ್ ಕಾಟ ತಪ್ಪಿಲ್ಲ: ಹೈಡ್ರೋಜನ್ ಕ್ಲೋರೈಡ್ ಸತುವನ್ನು ಹಿಡಿದು ಸತು ಕ್ಲೋರೈಡ್ ಮಾಡುತ್ತದೆ, ಅದು ಆವಿಯಾಗಿ ಮುಂದಿನ ಕ್ಯಾಟಲಿಸ್ಟ್ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಇಂಥ ಕಡೆ ಮೊದಲು ಸೋಡಾದಂಥ ಕ್ಷಾರದಿಂದ ಕ್ಲೋರಿನ್ ಹಿಡಿದು, ಗಂಧಕವನ್ನು ಆಮೇಲೆ ತೆಗೆಯುತ್ತಾರೆ.