ನಿವ್ವಳ ಸಂತೃಪ್ತಿ ಅಂಕ: ಬ್ರಿಟನ್ನಿನ ಮತದಾರರು ನಾಯಕರನ್ನು ತೂಗುವ ಬಗೆ

ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ಘೋಷಣೆಯಾದ ದಿನದಿಂದ ಪತ್ರಿಕೆಗಳಲ್ಲಿ ಎರಡು ಬಗೆಯ ಅಂಕಿಗಳು ಒಟ್ಟೊಟ್ಟಿಗೆ ಕಾಣಿಸುತ್ತವೆ. ಯಾವ ಪಕ್ಷಕ್ಕೆ ಶೇಕಡಾ ಎಷ್ಟು ಮತ ಬೀಳಬಹುದು ಎಂಬುದು ಒಂದು. ಪಕ್ಷದ ನಾಯಕರ ಹೆಸರಿನ ಪಕ್ಕದಲ್ಲಿ ‘ಮೈನಸ್ 20’, ‘ಪ್ಲಸ್ 5’ ಎಂದು ನಮೂದಾಗುವುದು ಇನ್ನೊಂದು. ಈ ಎರಡನೆಯದೇ ನಿವ್ವಳ ಸಂತೃಪ್ತಿ ಅಂಕ. ನಾಯಕರ ಕೆಲಸ ಮೆಚ್ಚಿದವರ ಶೇಕಡಾವಾರು ಪ್ರಮಾಣದಿಂದ ಮೆಚ್ಚದವರ ಪ್ರಮಾಣವನ್ನು ಕಳೆದರೆ ಉಳಿಯುವ ಸಂಖ್ಯೆ ಅದು.

ಮೋರಿ ಎಂಬ ಸಮೀಕ್ಷಾ ಸಂಸ್ಥೆ, ಅಂದರೆ ಇಂದಿನ ಇಪ್ಸಾಸ್, 1977ರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾ ಬಂದಿದೆ: ಇಂಥವರು ಪ್ರಧಾನಿಯಾಗಿ ಅಥವಾ ಪಕ್ಷದ ನಾಯಕರಾಗಿ ಕೆಲಸ ಮಾಡುತ್ತಿರುವ ರೀತಿ ನಿಮಗೆ ತೃಪ್ತಿ ತಂದಿದೆಯೇ, ಇಲ್ಲವೇ? 2019ರ ಸೆಪ್ಟೆಂಬರಿನಲ್ಲಿ ಲೇಬರ್ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರ ಬಗ್ಗೆ ಕೇಳಿದಾಗ ತೃಪ್ತಿ ಇದೆ ಎಂದವರು ಶೇ 16, ಇಲ್ಲ ಎಂದವರು ಶೇ 76. ಹಾಗಾಗಿ ಅವರ ಅಂಕ ಮೈನಸ್ 60. ವಿರೋಧ ಪಕ್ಷದ ನಾಯಕರೊಬ್ಬರಿಗೆ ಆ ಸಂಸ್ಥೆ ಅಲ್ಲಿಯವರೆಗೆ ದಾಖಲಿಸಿದ ಅತ್ಯಂತ ಕೆಳಗಿನ ಅಂಕ ಅದಾಗಿತ್ತು.

ಕಳೆಯುವ ಲೆಕ್ಕದಲ್ಲಿ ಉಳಿದ ಶೇ 8 ಜನ ಎಲ್ಲಿಯೂ ಕಾಣುವುದಿಲ್ಲ. ಕಾರ್ಬಿನ್ ವಿಷಯದಲ್ಲಿ ಅದು ಸಣ್ಣ ಪಾಲು. ಜನ ಅವರ ಬಗ್ಗೆ ಆಗಲೇ ತೀರ್ಮಾನ ಮಾಡಿ ಮುಗಿಸಿದ್ದರು. ಆದರೆ ಹೊಸದಾಗಿ ಆಯ್ಕೆಯಾದ ನಾಯಕರ ವಿಷಯದಲ್ಲಿ ‘ಗೊತ್ತಿಲ್ಲ’ ಎನ್ನುವವರೇ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಇರಬಹುದು. ಶೇ 30 ಮೆಚ್ಚಿ, ಶೇ 35 ಮೆಚ್ಚದೆ, ಉಳಿದವರು ಸುಮ್ಮನಿದ್ದರೆ ಅಂಕ ಮೈನಸ್ 5. ಶೇ 47 ಮೆಚ್ಚಿ ಶೇ 52 ಮೆಚ್ಚದಿದ್ದರೂ ಅದೇ ಮೈನಸ್ 5. ಮೊದಲನೆಯ ನಾಯಕರಿಗೆ ಪ್ರಚಾರದ ಆರು ವಾರಗಳಲ್ಲಿ ಗೆಲ್ಲಲು ದೊಡ್ಡ ಬಯಲೇ ಉಂಟು. ಎರಡನೆಯವರು ಆಗಲೇ ಗೆರೆ ಎಳೆದು ಕುಳಿತ ಜನರ ನಡುವೆ ಮತ ಕೇಳಬೇಕು. ಒಂದೇ ಸಂಖ್ಯೆಯೊಳಗೆ ಇಷ್ಟು ಬೇರೆಯಾದ ಎರಡು ಪರಿಸ್ಥಿತಿಗಳು ಅಡಗಿರುವುದರಿಂದ, ಮೂಲದ ಎರಡು ಶೇಕಡಾಗಳನ್ನು ಕೊಡದೆ ನಿವ್ವಳ ಅಂಕವನ್ನಷ್ಟೇ ಅಚ್ಚು ಹಾಕುವುದು ಓದುಗರಿಗೆ ಅರ್ಧ ಸುದ್ದಿಯನ್ನು ಮಾತ್ರ ಕೊಟ್ಟಂತೆ ಎಂದೇ ನನ್ನ ಭಾವನೆ.

2024ರ ಪ್ರಚಾರದಲ್ಲಿ ಲಿಬರಲ್ ಡೆಮಾಕ್ರಟ್ ನಾಯಕ ಎಡ್ ಡೇವಿ ವಿಂಡರ್ಮಿಯರ್ ಸರೋವರದಲ್ಲಿ ಹಲಗೆಯ ಮೇಲೆ ನಿಂತು ತೇಲುತ್ತಾ ಮತ್ತೆ ಮತ್ತೆ ನೀರಿಗೆ ಬಿದ್ದದ್ದನ್ನು ಹಲವರು ಹುಡುಗಾಟ ಎಂದರು. ಅವರನ್ನು ಗುರುತೇ ಹಿಡಿಯದ ಮತದಾರರ ಪಾಲನ್ನು ನೆನೆದರೆ ಅದು ಲೆಕ್ಕಾಚಾರದ ನಡೆ ಎಂದು ತಿಳಿಯುತ್ತದೆ. ನದಿ, ಕೆರೆಗಳಿಗೆ ಚರಂಡಿ ನೀರು ಸೇರುತ್ತಿರುವ ವಿಷಯವನ್ನು ಅವರು ಅದರ ಜೊತೆಗೇ ಟಿ.ವಿ.ಗೆ ತಂದರು. ಅಂಗವೈಕಲ್ಯವಿರುವ ಮಗನ ಆರೈಕೆಯ ಬಗ್ಗೆ ಪಕ್ಷದ ಪ್ರಚಾರ ಚಿತ್ರದಲ್ಲಿ ಗಂಭೀರವಾಗಿ ಮಾತನಾಡಿದರು. ಅವರ ಪಕ್ಷ ಆ ಚುನಾವಣೆಯಲ್ಲಿ 72 ಸ್ಥಾನ ಗೆದ್ದಿತು.

ಈ ಅಂಕದ ಜೊತೆಗೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ಪ್ರಶ್ನೆ ಇದೆ. ‘ಇವರಲ್ಲಿ ಯಾರು ಹೆಚ್ಚು ಸಮರ್ಥ ಪ್ರಧಾನಿಯಾಗಬಲ್ಲರು?’ ಎಂಬುದು ಅದು. ಸಂತೃಪ್ತಿಯ ಪ್ರಶ್ನೆಯಲ್ಲಿ ಇಬ್ಬರನ್ನೂ ತಿರಸ್ಕರಿಸಬಹುದು. ಇಲ್ಲಿ ಒಬ್ಬರನ್ನು ಆರಿಸಬೇಕು. ಆಗಲೇ ಪ್ರಧಾನಿ ಕುರ್ಚಿಯಲ್ಲಿ ಕುಳಿತವರಿಗೆ ಇದರಲ್ಲಿ ಸಹಜವಾಗಿ ಒಂದಿಷ್ಟು ಅನುಕೂಲವಿರುತ್ತದೆ, ಏಕೆಂದರೆ ಜನ ಅವರನ್ನು ಆ ಜಾಗದಲ್ಲಿ ಕಂಡಿದ್ದಾರೆ. ಮೂರನೆಯ ಬಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ: ನಾಯಕರೂ ಇಷ್ಟ, ಪಕ್ಷವೂ ಇಷ್ಟವೇ? ನಾಯಕರು ಇಷ್ಟ, ಪಕ್ಷ ಬೇಡವೇ? ಪಕ್ಷ ಇಷ್ಟ, ನಾಯಕರು ಬೇಡವೇ? ನನ್ನನ್ನು ಕೇಳಿದರೆ ಬ್ರಿಟನ್ನಿನ ರಾಜಕೀಯವನ್ನು ಅರಿಯಲು ಇದೇ ಅತ್ಯಂತ ಉಪಯುಕ್ತ ಪ್ರಶ್ನೆ.

ಹೀಗೆನ್ನಲು ಆಧಾರ 1979. ಆ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಅವರ ಲೇಬರ್ ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ 311–310ರಲ್ಲಿ, ಒಂದೇ ಮತದಿಂದ ಬಿದ್ದುಹೋಯಿತು. ಮುಷ್ಕರಗಳ ಚಳಿಗಾಲ ಆಗಷ್ಟೇ ಕಳೆದಿತ್ತು; ಬೀದಿಯಲ್ಲಿ ಕಸದ ರಾಶಿ ಬಿದ್ದಿತ್ತು, ಕೆಲವೆಡೆ ಶವ ಹೂಳುವವರೂ ಕೆಲಸ ನಿಲ್ಲಿಸಿದ್ದರು. ಅಷ್ಟಾದರೂ ಪ್ರಚಾರದ ವೇಳೆಯಲ್ಲಿ ‘ಯಾರು ಉತ್ತಮ ಪ್ರಧಾನಿ’ ಎಂದು ಕೇಳಿದರೆ ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅವರಿಗಿಂತ ಕ್ಯಾಲಹನ್ ಬಹಳ ಮುಂದಿದ್ದರು. ನಿಧಾನ, ಅನುಭವ, ಮನೆಯ ಹಿರಿಯನಂಥ ಮಾತು ಅವರಿಗಿತ್ತು. ಥ್ಯಾಚರ್ ಅವರದು ತೀಕ್ಷ್ಣ ದನಿ ಎಂದು ಅವರ ಪಕ್ಷದವರೇ ಅಳುಕುತ್ತಿದ್ದರು. ಮೇ 3ರಂದು ಮತದಾನ ನಡೆದಾಗ ಕನ್ಸರ್ವೇಟಿವ್ ಪಕ್ಷ 339 ಸ್ಥಾನಗಳೊಂದಿಗೆ ಗೆದ್ದಿತು. ಜನ ಕ್ಯಾಲಹನ್ ಅವರನ್ನು ಮೆಚ್ಚಿದ್ದು ಸುಳ್ಳಲ್ಲ. ಅವರ ಹಿಂದೆ ನಿಂತ ಸರ್ಕಾರ ಮತ್ತು ಕಾರ್ಮಿಕ ಸಂಘಗಳ ಜೊತೆಗಿನ ಅದರ ಸಂಬಂಧ ಜನರಿಗೆ ಸಾಕಾಗಿತ್ತು. ವ್ಯಕ್ತಿ ಒಳ್ಳೆಯವನೆಂದು ಒಪ್ಪಿ, ಬದಲಾವಣೆ ಬೇಕೆಂದು ಮತ ಹಾಕುವುದು ಮತದಾರರ ಗೊಂದಲವಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಅವರು ಕೊಟ್ಟ ಎರಡು ಪ್ರಾಮಾಣಿಕ ಉತ್ತರಗಳು.

1945ರಲ್ಲಿಯೂ ಹೀಗೇ ಆಗಿತ್ತು. ಆ ಮೇ ತಿಂಗಳಲ್ಲಿ ಗ್ಯಾಲಪ್ ಸಮೀಕ್ಷೆ ವಿನ್‌ಸ್ಟನ್ ಚರ್ಚಿಲ್ ಅವರಿಗೆ ಶೇ 83ರಷ್ಟು ಮೆಚ್ಚುಗೆ ಕಂಡಿತು. ಜುಲೈನಲ್ಲಿ ಅವರ ಪಕ್ಷ ಸೋತು, ಮಿತಭಾಷಿ ಕ್ಲೆಮೆಂಟ್ ಆಟ್ಲೀ ಅವರ ಲೇಬರ್ 393 ಸ್ಥಾನ ಪಡೆಯಿತು.

ಇಂಥ ಸೀಳು ಉಂಟಾಗಲು ವ್ಯವಸ್ಥೆಯೇ ಅವಕಾಶ ಕೊಡುತ್ತದೆ. ಬ್ರಿಟನ್ನಿನಲ್ಲಿ ಪ್ರಧಾನಿಗೆ ಯಾರೂ ನೇರವಾಗಿ ಮತ ಹಾಕುವುದಿಲ್ಲ. 650 ಕ್ಷೇತ್ರಗಳಿವೆ, ಒಂದೊಂದರಲ್ಲೂ ಹೆಚ್ಚು ಮತ ಪಡೆದವರು ಸಂಸದರು. 2024ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ರಿಷಿ ಸುನಕ್ ಅವರ ಹೆಸರು ಇದ್ದದ್ದು ರಿಚ್ಮಂಡ್ ಮತ್ತು ನಾರ್ತ್‌ಆಲರ್ಟನ್ ಕ್ಷೇತ್ರದ ಮತಪತ್ರದಲ್ಲಿ ಮಾತ್ರ. ಲೇಬರ್ ನಾಯಕ ಕಿಯರ್ ಸ್ಟಾರ್ಮರ್ ಅವರ ಹೆಸರು ಹೋಬರ್ನ್ ಮತ್ತು ಸೇಂಟ್ ಪ್ಯಾಂಕ್ರಸ್‌ನಲ್ಲಿ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷವನ್ನು ಸೂಚಿಸುವ ಪದ್ಧತಿ ಬಂದದ್ದೇ 1970ರ ಸಾರ್ವತ್ರಿಕ ಚುನಾವಣೆಯಿಂದ. ಟಿ.ವಿ. ಚರ್ಚೆಗಳು ನಾಯಕರನ್ನು ಮುಂದಕ್ಕೆ ತಂದಿವೆ ನಿಜ. ಆದರೂ ಮತದಾರರ ಕೈಯಲ್ಲಿ ಸ್ಥಳೀಯ ಅಭ್ಯರ್ಥಿ, ಪಕ್ಷ, ನಾಯಕ ಮೂವರನ್ನೂ ಸೇರಿಸಿ ಹಾಕಬೇಕಾದ ಒಂದೇ ಗುರುತು ಇದೆ.

ಲಂಡನ್ನಿನ ಪುಟ್ನಿ ಕ್ಷೇತ್ರದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಕನ್ನಡಿಗರಿಗೆ ಆ ಕ್ಷೇತ್ರದ ಪರಿಚಯವಿದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರ್ ಆದವರೂ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಲು ಕಾರಣರೂ ಆದ ನೀರಜ್ ಪಾಟೀಲ್ 2017ರಲ್ಲಿ ಅಲ್ಲಿ ಲೇಬರ್ ಅಭ್ಯರ್ಥಿಯಾಗಿದ್ದರು. ಆ ಏಪ್ರಿಲ್‌ನಲ್ಲಿ ಪ್ರಧಾನಿ ತೆರೇಸಾ ಮೇ ದಿಢೀರನೆ ಚುನಾವಣೆ ಘೋಷಿಸಿದಾಗ ಅವರ ಅಂಕ ಧನಾತ್ಮಕವಾಗಿತ್ತು, ಕಾರ್ಬಿನ್ ಅವರದು ಪಾತಾಳದಲ್ಲಿತ್ತು. ಪ್ರಚಾರ ಸಾಗಿದಂತೆ ಚಿತ್ರ ತಿರುಗಿತು. ವೃದ್ಧರ ಆರೈಕೆಯ ವೆಚ್ಚದ ಕುರಿತ ಭರವಸೆಯನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ಮೇ ಬದಲಿಸಿದರು, ಬದಲಿಸಿದ ಮೇಲೆ ಏನೂ ಬದಲಾಗಿಲ್ಲ ಎಂದರು, ಟಿ.ವಿ. ಚರ್ಚೆಗೆ ಬರಲಿಲ್ಲ. ಕಾರ್ಬಿನ್ ಸಭೆ ಸಭೆಗೆ ಹೋದರು. ಮತದಾನದ ಹೊತ್ತಿಗೆ ಇಬ್ಬರ ನಡುವಿನ ಅಂತರ ಬಹುತೇಕ ಕರಗಿ, ಕನ್ಸರ್ವೇಟಿವ್ ಪಕ್ಷ 317ಕ್ಕೆ ಇಳಿದು ಬಹುಮತ ಕಳೆದುಕೊಂಡಿತು. ಪುಟ್ನಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿದ್ದ ಆ ಪಕ್ಷದ ಗೆಲುವಿನ ಅಂತರ 1,554ಕ್ಕೆ ಕುಸಿಯಿತು. ಪಾಟೀಲ್ ಸೋತರು, ಆದರೆ ಕ್ಷೇತ್ರ ಕೈಗೆಟುಕುವಂತಾಯಿತು.

2019ರ ಡಿಸೆಂಬರಿನಲ್ಲಿ ಕಾರ್ಬಿನ್ ಮತ್ತೆ ಆಳಕ್ಕೆ ಬಿದ್ದಿದ್ದರು. ಲೇಬರ್ ಕಾರ್ಯಕರ್ತರು ಮನೆಬಾಗಿಲಿಗೆ ಹೋದಾಗ, ಪಕ್ಷಕ್ಕೆ ತಲೆಮಾರುಗಳಿಂದ ಮತ ಹಾಕಿದ ಗಣಿ ಊರುಗಳಲ್ಲಿಯೂ, ಅವರ ಹೆಸರು ಹೇಳಿ ಬಾಗಿಲು ಮುಚ್ಚಿದವರುಂಟು. ಲೇಬರ್ 202 ಸ್ಥಾನಗಳಿಗೆ ಇಳಿಯಿತು. ಅದೇ ದಿನ, ಅದೇ ನಾಯಕರ ಕೆಳಗೆ, ಪುಟ್ನಿಯನ್ನು ಲೇಬರ್ ಗೆದ್ದುಕೊಂಡಿತು. ಆ ಚುನಾವಣೆಯಲ್ಲಿ ಪಕ್ಷ ಎದುರಾಳಿಗಳಿಂದ ಕಸಿದುಕೊಂಡ ಏಕೈಕ ಕ್ಷೇತ್ರ ಅದು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆಂದು ದೊಡ್ಡ ಸಂಖ್ಯೆಯಲ್ಲಿ ಮತ ಹಾಕಿದ್ದ ಆ ಭಾಗದ ಜನರಿಗೆ ಬ್ರೆಕ್ಸಿಟ್ ಮುಂದೆ ನಾಯಕರ ಅಂಕ ಹಗುರವಾಗಿ ಕಂಡಿತು. ದೇಶದ ಸರಾಸರಿಯನ್ನು ಒಂದು ಬೀದಿಗೆ ಅನ್ವಯಿಸಲು ಹೊರಟವರು ಇಂಥ ಜಾಗದಲ್ಲೇ ಎಡವುವುದು. ಭಾರತದ ಪಾಸ್‌ಪೋರ್ಟ್ ಹೊಂದಿ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿದವರೂ ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಈ ಚುನಾವಣೆಗಳಲ್ಲಿ ಮತ ಹಾಕಬಹುದು. ಲಂಡನ್ನಿನ ಅನೇಕ ಕನ್ನಡದ ಮನೆಗಳಿಗೆ ಇದು ಬರೀ ಓದುವ ಸುದ್ದಿಯಲ್ಲ.

2024ರಲ್ಲಿ ತೂಕದ ಸ್ವರೂಪವೇ ಬೇರೆಯಾಗಿತ್ತು. ಮೇ 22ರಂದು ಮಳೆಯಲ್ಲಿ ತೊಯ್ಯುತ್ತಾ ಚುನಾವಣೆ ಘೋಷಿಸಿದ ಸುನಕ್, ಜೂನ್ 6ರಂದು ನಾರ್ಮಂಡಿಯಲ್ಲಿ ಯುದ್ಧ ಸ್ಮರಣೆಯ ಕಾರ್ಯಕ್ರಮದಿಂದ ಬೇಗ ಹೊರಟು ಬಂದು ಕ್ಷಮೆ ಕೇಳಬೇಕಾಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ ಅವರ ಪತಿ ಎಂಬ ಕಾರಣಕ್ಕೆ ಕರ್ನಾಟಕದಲ್ಲಿ ಅವರ ಬಗ್ಗೆ ಇದ್ದ ಅಕ್ಕರೆ ಅಲ್ಲಿನ ಮತದಾರರಿಗೆ ಸಂಬಂಧಿಸಿದ್ದಲ್ಲ. ಅವರ ಅಂಕ ಆಳವಾದ ಋಣದಲ್ಲಿತ್ತು. ಆದರೆ ಸ್ಟಾರ್ಮರ್ ಅವರ ಅಂಕವೂ ಋಣಾತ್ಮಕವೇ. ಇಬ್ಬರೂ ಸೊನ್ನೆಗಿಂತ ಕೆಳಗಿರುವಾಗ ಜನ ಅಂತರವನ್ನು ನೋಡಿದರು, ಕಡಿಮೆ ಬೇಸರ ತರಿಸಿದವರತ್ತ ವಾಲಿದರು. ಲೇಬರ್‌ಗೆ ಶೇ 33.7 ಮತ, 411 ಸ್ಥಾನ. ಕನ್ಸರ್ವೇಟಿವ್‌ಗೆ ಶೇ 23.7 ಮತ, 121 ಸ್ಥಾನ.

ಋಣದ ಅಂಕದೊಂದಿಗೆ ಗೆದ್ದವರ ಬಳಿ ಕಷ್ಟಕಾಲಕ್ಕೆಂದು ಕೂಡಿಟ್ಟ ಒಲವು ಇರುವುದಿಲ್ಲ. ಗೆದ್ದ ತಿಂಗಳಲ್ಲೇ ಸ್ಟಾರ್ಮರ್ ಸರ್ಕಾರ ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆಯನ್ನು ನಿಲ್ಲಿಸುವುದಾಗಿ ಹೇಳಿತು, ಮರುವರ್ಷ ಹೆಚ್ಚಿನವರಿಗೆ ಅದನ್ನು ಮರಳಿಸಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಇಪ್ಸಾಸ್ ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದಾಗ ಪ್ರಧಾನಿಯ ಕೆಲಸ ತೃಪ್ತಿ ತಂದಿದೆ ಎಂದವರು ಶೇ 13, ಇಲ್ಲ ಎಂದವರು ಶೇ 79. ಮೈನಸ್ 66: 1977ರಿಂದೀಚೆಗೆ ಯಾವ ಪ್ರಧಾನಿಗೂ ಆ ಸಂಸ್ಥೆ ಅಷ್ಟು ಕೆಳಗಿನ ಅಂಕ ದಾಖಲಿಸಿರಲಿಲ್ಲ. ಸಂಸತ್ತಿನಲ್ಲಿ ಅವರ ಹಿಂದೆ ಕುಳಿತಿದ್ದ ಸದಸ್ಯರ ಸಂಖ್ಯೆ ಆಗಲೂ ನಾನೂರರ ಆಸುಪಾಸಿನಲ್ಲಿತ್ತು.