ಕನ್ನಡ ಮೀಡಿಯಂ ಹುಡುಗಿಗೆ ಕಂಪ್ಯೂಟರ್ ಓದು ಕಷ್ಟ ಆಗಲ್ವಾ?

ಪ್ರಶ್ನೆ: ಮಗಳು ಹೊಸನಗರ ತಾಲೂಕಿನ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಕಂಪ್ಯೂಟರ್ ಇಂಜಿನಿಯರ್ ಆಗ್ತೀನಿ ಅಂತ ಹಟ. ಇಂಗ್ಲಿಷ್ ಇಲ್ಲದೆ ಅಲ್ಲಿ ಹೇಗೆ ಸುಧಾರಿಸ್ತಾಳೆ?

ಉತ್ತರ: ಮೊದಲ ವರ್ಷ ಕಷ್ಟ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಗಂಡುಮಗನ ಬಗ್ಗೆ ಇದೇ ಪ್ರಶ್ನೆಯನ್ನು ಇಷ್ಟು ಅಳುಕಿನಿಂದ ಕೇಳಿದವರನ್ನು ನಾನು ಕಂಡಿಲ್ಲ. ಆ ಮಾತು ಇರಲಿ.

ನಾನು ಶಿವಮೊಗ್ಗದಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಒಮ್ಮೆ ತರಗತಿಯಲ್ಲಿ 'ಪಾಯಿಂಟರ್' (ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಮಾಹಿತಿ ಎಲ್ಲಿದೆ ಅಂತ ಹೇಳುವ ವಿಳಾಸ) ಯಾರ ತಲೆಗೂ ಹೋಗಲಿಲ್ಲ. ಹಿಂದಿನ ಬೆಂಚಿನ ಹಳ್ಳಿ ಹುಡುಗಿಯೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಹೇಳುತ್ತಿದ್ದಳು: "ಅದು ಅಡಿಕೆ ಮೂಟೆ ಅಲ್ಲ ಕಣೇ. ಮಂಡಿಯಲ್ಲಿ ಮೂಟೆ ಎಲ್ಲಿದೆ ಅಂತ ಬರೆದ ಚೀಟಿ." ಆಮೇಲೆ ಪಾಯಿಂಟರ್ ಪಾಠಕ್ಕೆ ನಾನೂ ಅದನ್ನೇ ಹೇಳುತ್ತಿದ್ದೇನೆ. ಅವಳ ನೋಟ್ ಪುಸ್ತಕದಲ್ಲಿ ಇಂಗ್ಲಿಷ್ ಪದಗಳ ಕೆಳಗೆಲ್ಲ ಪೆನ್ಸಿಲಿನಲ್ಲಿ ಕನ್ನಡ. ಮೂರನೇ ಸೆಮಿಸ್ಟರ್ ಹೊತ್ತಿಗೆ ಪೆನ್ಸಿಲ್ ಗುರುತು ಕಾಣೆಯಾಗಿತ್ತು. ಹಳೇ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲೇ ಗೊತ್ತುಮಾಡಿದ ಪದಗಳು, ಅಂದರೆ ಕೀವರ್ಡ್‌ಗಳೇ 32. ಉಳಿದದ್ದು ಲೆಕ್ಕ, ತಾಳ್ಮೆ.

ಇನ್ನೊಂದು ವಿಷಯ. ನೀವು ಕೊರತೆ ಅಂದುಕೊಂಡಿರುವ ಆ ಕನ್ನಡ ಮೀಡಿಯಮ್ಮೇ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕೈಹಿಡಿಯುತ್ತೆ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಎಚ್ಚರ, ಗ್ರಾಮೀಣಕ್ಕೆ ಹತ್ತೂ ವರ್ಷ ಹಳ್ಳಿ ಶಾಲೆಯೇ ಆಗಿರಬೇಕು. ಹೈಸ್ಕೂಲಿಗೆ ಪಟ್ಟಣ ಪಂಚಾಯ್ತಿ ವ್ಯಾಪ್ತಿಗೆ ಹೋಗಿದ್ದರೆ ಅದು ತಪ್ಪಿಹೋಗುತ್ತೆ. ಕನ್ನಡ ಮಾಧ್ಯಮದ್ದು ಹಾಗೇ ಉಳಿಯುತ್ತೆ. ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಟ್ರಂಕಿನಲ್ಲಿಡಿ. ಸಿಇಟಿ ಹೊತ್ತಿಗೆ ಓಡಾಡಿದರೆ ಸುಮ್ನೆ ಪರದಾಟ.

ಪಿಯುಸಿನಾ, ಡಿಪ್ಲೊಮಾನಾ? ಎರಡೂ ದಾರಿ ಇಂಜಿನಿಯರಿಂಗಿಗೇ ಹೋಗುತ್ತೆ. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ. ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲೊಂದು ಸರ್ಟಿಫಿಕೇಟ್ ಇರುತ್ತೆ ಅನ್ನೋ ಕಾರಣಕ್ಕೆ ದುಡ್ಡಿನ ಬಿಗಿ ಇರುವ ಮನೆಯವರಿಗೆ ನಾನು ಡಿಪ್ಲೊಮಾನೇ ಹೇಳುತ್ತೇನೆ. ಪಿಯುಸಿಗೆ ಹಾಕಿದರೆ ಫಿಸಿಕ್ಸ್, ಗಣಿತ ಬಿಡುವಂತಿಲ್ಲ. ನಿಮ್ಮೂರಿನ ಹತ್ತಿರದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಇಲ್ಲ, ಬಯಾಲಜಿ ಮಾತ್ರ ಇದೆ ಅಂದರೂ ಹೆದರಬೇಡಿ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಓದಿದವರೂ ಕಂಪ್ಯೂಟರ್ ಇಂಜಿನಿಯರಿಂಗ್ ಸೇರಬಹುದು.

ದುಡ್ಡಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ನೋಡಿ. ಹೆಣ್ಣುಮಕ್ಕಳಿಗೇ ಇರುವುದು, ವರ್ಷಕ್ಕೆ 50,000 ರೂಪಾಯಿ. ಡಿಪ್ಲೊಮಾಗೂ ಸಿಗುತ್ತೆ, ಬಿಇಗೂ ಸಿಗುತ್ತೆ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳು ಅರ್ಜಿ ಹಾಕಬಹುದು.

ನಾನು ನೋಡಿದಂತೆ ನಮ್ಮ ಕಡೆ ಹೆಣ್ಣುಮಕ್ಕಳ ಓದು ನಿಲ್ಲುವುದು ಇಂಗ್ಲಿಷಿನಿಂದ ಅಲ್ಲ, ಬಸ್ಸಿನಿಂದ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ. ಮಲೆನಾಡಿನ ಎಷ್ಟೋ ಹಳ್ಳಿಗೆ ಬರುವುದು ಖಾಸಗಿ ಬಸ್ಸು, ಅದೂ ದಿನಕ್ಕೆ ಎರಡೋ ಮೂರೋ ಸಲ. ಸಂಜೆ ಐದಕ್ಕೆ ಲ್ಯಾಬ್ ಮುಗಿದರೆ, ಜುಲೈ ಮಳೆಯಲ್ಲಿ, ಕತ್ತಲಲ್ಲಿ ಸ್ಟಾಪಿನಿಂದ ಮನೆಗೆ ಎರಡು ಮೈಲಿ. ಅಪ್ಪನಿಗೆ ದಿಗಿಲಾಗುವುದು ಸಹಜ. ಅದಕ್ಕೇ ಕಾಲೇಜಿನ ಹೆಸರಿಗಿಂತ ಮೊದಲು ಹಾಸ್ಟೆಲ್ ವಿಚಾರಿಸಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿಗೆ ಅರ್ಜಿ ಕರೆದ ತಕ್ಷಣ ಹಾಕಿ.

ಹಾಸ್ಟೆಲ್ ಬೇಡ, ಮನೆಯಿಂದಲೇ ಹೋಗಲಿ ಅನ್ನೋದಾದರೆ ಒಂದು ಸೋಮವಾರ ಬೆಳಗ್ಗೆ ಮಗಳ ಜೊತೆ ಅದೇ ಬಸ್ಸು ಹತ್ತಿ ಹೋಗಿಬನ್ನಿ. ವಾಪಸ್ ಬರುವ ಕೊನೇ ಬಸ್ಸು ಎಷ್ಟಕ್ಕೆ, ಮಳೆಗಾಲದಲ್ಲೂ ಬರುತ್ತಾ ಅಂತ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.